ಹೋಳಿಗೆಯೂ ಇರಲಿ, ವ್ಯಾಯಾಮವೂ ಇರಲಿ

ಪ್ರಶ್ನೆ: ಯುಗಾದಿಯ ದಿನವೂ ಬೆಳಗಿನ ವ್ಯಾಯಾಮ ಬಿಡಲು ಮನಸ್ಸಿಲ್ಲ. ಅತ್ತೆ ಬಡಿಸುವ ಹೋಳಿಗೆಗೆ ಬೇಡ ಎನ್ನಲೂ ಆಗದು. ಏನು ಮಾಡಲಿ?

ಉತ್ತರ: ಎರಡನ್ನೂ ಬಿಡಬೇಡಿ. ಒಂದರಿಂದ ಇನ್ನೊಂದನ್ನು ತೀರಿಸುವ ಲೆಕ್ಕವನ್ನು ಮಾತ್ರ ಬಿಡಿ. ಅರ್ಧ ಗಂಟೆ ಬಿರುಸಾಗಿ ನಡೆದರೆ ಕರಗುವುದು ಸುಮಾರು 120ರಿಂದ 150 ಕ್ಯಾಲೊರಿ. ಹೋಳಿಗೆಯ ಮೇಲೆ ಸುರಿದ ಒಂದು ದೊಡ್ಡ ಚಮಚ ತುಪ್ಪದಲ್ಲೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಹಬ್ಬದೂಟಕ್ಕೆಂದು ದುಪ್ಪಟ್ಟು ಬೆವರಿಳಿಸಿದರೆ ಸಿಗುವುದು ಸುಸ್ತಷ್ಟೇ.

ಎಣ್ಣೆಸ್ನಾನಕ್ಕೆ ಮೊದಲೇ ಅರ್ಧ ಗಂಟೆಯ ಹದವಾದ ವ್ಯಾಯಾಮ ಮುಗಿಸಿ. ಎಣ್ಣೆ ಹಚ್ಚಿಕೊಂಡ ಮೇಲೆ ಬೇಡ, ಕಾಲು ಜಾರೀತು. ಪೂಜೆ ಮುಗಿದು ಎಲೆ ಹಾಕುವಾಗ ಒಂದೂವರೆಯಾಗುವುದು ಮಾಮೂಲು. ಅಲ್ಲಿಯವರೆಗೆ ಬರೀ ಬೇವುಬೆಲ್ಲದಲ್ಲಿದ್ದರೆ, ಹೊಟ್ಟೆ ತುಂಬಿದ್ದು ತಿಳಿಯುವ ಮೊದಲೇ ಹೆಚ್ಚು ತಿಂದಿರುತ್ತೀರಿ. ನೀರು ಕುಡಿದು, ಬಾಳೆಹಣ್ಣು, ಒಂದು ಲೋಟ ಹಾಲು ತೆಗೆದುಕೊಳ್ಳಿ. ಪೂಜೆಗೆ ಮುಂಚೆ ತಿನ್ನದ ಮನೆಯಾದರೆ ಅಂದು ನಿಧಾನದ ನಡಿಗೆ ಸಾಕು.

ಊಟವನ್ನು ಕೋಸಂಬರಿ, ಪಲ್ಯದಿಂದ ಶುರುಮಾಡಿ. ಚಿತ್ರಾನ್ನ, ಅನ್ನ ಕಡಿಮೆ ಹಾಕಿಸಿಕೊಂಡು ಹೋಳಿಗೆಗೆ ಜಾಗ ಉಳಿಸಿ. ಎರಡನೆಯದು ಬಂದಾಗ, “ಅತ್ತೆ, ಇದನ್ನ ರಾತ್ರಿಗೆ ಎತ್ತಿಡಿ” ಎನ್ನಿ, ಅವರಿಗೂ ಬೇಸರವಾಗದು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿದ್ದರೆ ಮಾತ್ರ ನಿಮ್ಮ ವೈದ್ಯರನ್ನು ಮೊದಲೇ ಕೇಳಿ.