ಕಿವಿ ಮುಚ್ಚಿದ ಕೂದಲು, ಮಾತು ನಿಲ್ಲಿಸಿದ ಅಪ್ಪ

ಪ್ರಶ್ನೆ: ನನಗೆ 24 ವರ್ಷ. ಹಾಸನದಲ್ಲಿ ಅಪ್ಪ ಅಮ್ಮನ ಜೊತೆ ಇದ್ದೇನೆ. ಮೆಡಿಕಲ್ ರೆಪ್ ಕೆಲಸ. ದಿನವಿಡೀ ಬೈಕಿನಲ್ಲಿ ಓಡಾಟ. ಚಿಕ್ಕಂದಿನಿಂದ ತಿಂಗಳಿಗೊಂದು ಭಾನುವಾರ ಅಪ್ಪನ ಜೊತೆ ಒಂದೇ ಅಂಗಡಿಗೆ ಹೋಗಿ ಸಣ್ಣಗೆ ಕಟಿಂಗ್ ಮಾಡಿಸಿಕೊಂಡೇ ಬೆಳೆದವನು. ಈಗ ಐದು ತಿಂಗಳಿಂದ ಕೂದಲು ಬಿಡುತ್ತಿದ್ದೇನೆ. ಹೆಗಲಿಗೆ ಇಳಿಯುವಷ್ಟು ಬೇಡ, ಕಿವಿ ಅರ್ಧ ಮುಚ್ಚಿದರೆ ಸಾಕು. ಆದರೆ ನನ್ನದು ದಪ್ಪನೆಯ, ಅಲೆಅಲೆ ಕೂದಲು. ಕಿವಿಯ ಮೇಲೆ ಕೊಡೆಯ ಹಾಗೆ ಬಿಚ್ಚಿಕೊಂಡು ನಿಲ್ಲುತ್ತದೆ. ಒಂದು ಸಲೂನಿನಲ್ಲಿ ನಾಲ್ಕು ಸಾವಿರ ಕೊಟ್ಟರೆ ನೇರ ಮಾಡಿಕೊಡುತ್ತೇವೆ ಅಂದರು. ಮ್ಯಾನೇಜರ್ "ಹೀಗೇ ಡಾಕ್ಟರ್ ಮುಂದೆ ಹೋಗ್ತೀಯಾ?" ಅಂದರು. ಅಪ್ಪ "ಈ ತಲೆ ಇಟ್ಕೊಂಡು ಅಕ್ಕನ ಮದುವೇಲಿ ನಿಂತ್ಕೋಬೇಡ" ಅಂದವರು ಮೂರು ವಾರದಿಂದ ಮಾತು ಬಿಟ್ಟಿದ್ದಾರೆ. ಮದುವೆಗೆ ಇನ್ನು ಎರಡೂವರೆ ತಿಂಗಳಿದೆ. ಇದರ ನಡುವೆ ಹಣೆಯ ಎರಡು ಮೂಲೆಗಳಲ್ಲಿ ಕೂದಲು ಹಿಂದೆ ಸರಿಯುತ್ತಿದೆಯೇನೋ ಎಂಬ ಭಯ. ಕನ್ನಡಿ ಎಷ್ಟು ಸಲ ನೋಡುತ್ತೇನೋ ಲೆಕ್ಕವಿಲ್ಲ, ಬೈಕಿನ ಕನ್ನಡಿಯನ್ನೂ ಬಿಡುವುದಿಲ್ಲ. ಕೂದಲಿಗೆ ಇಷ್ಟು ಒದ್ದಾಡುವ ನಾನೂ ಒಬ್ಬ ಗಂಡಸಾ ಅನ್ನಿಸುತ್ತದೆ.

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರುಮಾಡುತ್ತೇನೆ, ಏಕೆಂದರೆ ಪತ್ರದಲ್ಲಿ ಹೆಚ್ಚು ನೋಯುತ್ತಿರುವುದು ಅದೇ. ಕೂದಲಿನ ಬಗ್ಗೆ ಚಿಂತೆ ಮಾಡುವುದರಿಂದ ಯಾರ ಗಂಡಸುತನಕ್ಕೂ ಕುಂದಿಲ್ಲ. ಬೆಳಿಗ್ಗೆ ಎದ್ದು ಕನ್ನಡಿಯಲ್ಲಿ ಕಾಣುವ ಮುಖ ನಮ್ಮದೇ ಅನ್ನಿಸಬೇಕು ಎಂಬ ಆಸೆ ಎಲ್ಲರದು. ಹೆಣ್ಣುಮಕ್ಕಳಿಗೆ ಅದನ್ನು ಅಕ್ಕತಂಗಿಯರ ಹತ್ತಿರ, ಗೆಳತಿಯರ ಹತ್ತಿರ ಹೇಳಿಕೊಳ್ಳುವ ದಾರಿಯಾದರೂ ಇದೆ. ಹುಡುಗರು ಹೇಳಿಕೊಂಡರೆ ನಗೆಪಾಟಲು. ಹಾಗಾಗಿ ನಿಮ್ಮಂಥವರು ಒಳಗೇ ಇಟ್ಟುಕೊಂಡು ಬೈಕಿನ ಕನ್ನಡಿಯ ಹತ್ತಿರ ಮಾತಾಡುತ್ತೀರಿ. ಬರೆದು ಹೇಳಿದ್ದು ಒಳ್ಳೆಯದಾಯಿತು. ಇದನ್ನು ಓದುತ್ತಿರುವ ಬೇರೆ ಹುಡುಗರಿಗೂ, ಅವರ ಅಪ್ಪ ಅಮ್ಮಂದಿರಿಗೂ ಇದು ಬೇಕಾದ ಮಾತು.

ಇನ್ನೊಂದು ವಿಷಯ. ನಿಮ್ಮ ಮನೆಯಲ್ಲಿ ನಡೆಯುತ್ತಿರುವ ಜಗಳ ಹೊಸದಲ್ಲ, ಬಹಳ ಹಳೆಯದು. ನಿಮ್ಮ ಮುತ್ತಾತನ ಕಾಲದಲ್ಲಿ ಎಷ್ಟೋ ಮನೆಗಳ ಗಂಡಸರು ಮುಂದಲೆ ಬೋಳಿಸಿ ಹಿಂದೆ ಜುಟ್ಟು ಬಿಡುತ್ತಿದ್ದರು. ಓದಲು ಪೇಟೆಗೆ ಹೋದ ಹುಡುಗ ಜುಟ್ಟು ತೆಗೆಸಿ ಕ್ರಾಪು ಬಿಟ್ಟುಕೊಂಡು ಬಂದರೆ ಮನೆಯಲ್ಲಿ ರಂಪವಾಗುತ್ತಿತ್ತು. ಇಂದು ನಿಮ್ಮ ಅಪ್ಪನಿಗೆ ಮರ್ಯಾದಸ್ಥರ ತಲೆ ಎಂದು ಕಾಣುವ ಆ ಕ್ರಾಪೇ ಅಂದು ಕೆಟ್ಟುಹೋದವರ ಗುರುತು. ಆಮೇಲೆ 1972ರಲ್ಲಿ 'ನಾಗರಹಾವು' ಬಂತು, 1998ರಲ್ಲಿ ಉಪೇಂದ್ರರ 'ಎ', 2018ರಲ್ಲಿ 'ಕೆಜಿಎಫ್', 2022ರಲ್ಲಿ 'ಕಾಂತಾರ'. ಒಂದೊಂದು ತಲೆಮಾರಿನ ಹುಡುಗರೂ ಪರದೆಯ ಮೇಲಿನ ಒಂದು ತಲೆಯನ್ನು ನೋಡಿ ಬಂದು ಮನೆಯ ಕನ್ನಡಿಯ ಮುಂದೆ ನಿಂತಿದ್ದಾರೆ. ನಿಮ್ಮ ಅಪ್ಪನೂ ಯಾವುದೋ ಒಂದು ವರ್ಷ ನಿಂತಿರಬಹುದು. ಅಮ್ಮನನ್ನು ಕೇಳಿ ನೋಡಿ, ಹಳೆಯ ಆಲ್ಬಮ್ ಇದ್ದರೆ ತೆಗೆಸಿ.

ಈಗ ಕೂದಲಿಗೆ ಬರೋಣ. ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ, ಲೆಕ್ಕ ಮಾತ್ರ ಇದೆ. ತಲೆಗೂದಲು ತಿಂಗಳಿಗೆ ಬೆಳೆಯುವುದು ಸುಮಾರು 1ರಿಂದ 1.25 ಸೆಂ.ಮೀ. ಸಣ್ಣ ಕಟಿಂಗ್‌ನಿಂದ ಹೊರಟ ನೀವು ಐದು ತಿಂಗಳಲ್ಲಿ 7-8 ಸೆಂ.ಮೀ. ಹತ್ತಿರ ಬಂದಿರುತ್ತೀರಿ. ಅಲೆಗೂದಲಿಗೆ ಇದು ಅತ್ಯಂತ ಕಷ್ಟದ ಹಂತ. ಸಣ್ಣದಿದ್ದಾಗ ತಲೆಗೆ ಅಂಟಿಕೊಂಡಿರುತ್ತದೆ, ಉದ್ದವಾದರೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ನಡುವಿನ ಈ ಅಳತೆಯಲ್ಲಿ ಇಳಿಯಲು ಭಾರ ಸಾಲದೆ ಪಕ್ಕಕ್ಕೆ ಅರಳುತ್ತದೆ. ನೀವು ಬಯಸುವ ಮಾದರಿಗೆ ನೆತ್ತಿಯ ಮೇಲೆ 10ರಿಂದ 15 ಸೆಂ.ಮೀ. ಬೇಕು. ಮದುವೆಯ ಹೊತ್ತಿಗೆ ಇನ್ನೂ ಮೂರು ಸೆಂ.ಮೀ. ಬೆಳೆದು ಅದರ ಬಾಗಿಲಿಗೆ ಬಂದಿರುತ್ತೀರಿ. ಅಂದರೆ ನೀವು ಇಷ್ಟು ದಿನ ಸಹಿಸಿದ್ದು ವ್ಯರ್ಥವಾಗಿಲ್ಲ, ಕೊನೆಯ ಏರು ಬಾಕಿ ಇದೆ ಅಷ್ಟೇ.

ಎಲ್ಲರೂ ಎಡವುವ ಒಂದು ಜಾಗ ಇದೆ. ನಮ್ಮ ಕಟಿಂಗ್ ಅಂಗಡಿಗಳಲ್ಲಿ "ಶಾರ್ಟಾ, ಮೀಡಿಯಮ್ಮಾ?" ಎಂದು ಕೇಳುತ್ತಾರೆ. ಅಲ್ಲಿ ಮೀಡಿಯಮ್ ಅಂದರೆ ತೀರಾ ಸಣ್ಣದಲ್ಲದ ಮಾಮೂಲಿ ಕಟಿಂಗ್. ನಿಮ್ಮ ಮನಸ್ಸಿನಲ್ಲಿರುವ ಮೀಡಿಯಮ್ ಬೇರೆ. ಆ ಒಂದು ಪದ ನಂಬಿ ಕಣ್ಣು ಮುಚ್ಚಿ ಕೂತು, ತೆರೆದಾಗ ಐದು ತಿಂಗಳು ನೆಲದ ಮೇಲೆ ಬಿದ್ದಿರುತ್ತದೆ. ಆದ್ದರಿಂದ ಪದ ಬೇಡ, ಬೆರಳಿಟ್ಟು ತೋರಿಸಿ: ಮೇಲೆ ಕೈ ಹಾಕಬೇಡಿ, ಪಕ್ಕದಲ್ಲಿ ಇಲ್ಲಿಯವರೆಗೆ ಬಿಡಿ, ಹಿಂದೆ ಕುತ್ತಿಗೆಯ ಅಂಚು ಮಾತ್ರ ಚೊಕ್ಕ ಮಾಡಿ. ಪಕ್ಕಕ್ಕೆ ಮಶೀನ್ ಬೇಡ, ಕತ್ತರಿಯಲ್ಲೇ ಆಗಲಿ. ನಂಬರ್ 2 ಹಾಕಿದರೆ ಪಕ್ಕದಲ್ಲಿ ಉಳಿಯುವುದು 6 ಮಿ.ಮೀ. ಮಾತ್ರ, ಅದು ಮದುವೆಯೊಳಗೆ ಕಿವಿಗೆ ತಲುಪುವುದಿಲ್ಲ. ಹಲ್ಲಿರುವ ಕತ್ತರಿಯಲ್ಲಿ ದಪ್ಪ ಕಡಿಮೆ ಮಾಡುತ್ತೇವೆ ಅಂದರೆ ತುದಿಗಷ್ಟೇ ಒಪ್ಪಿಕೊಳ್ಳಿ. ಬುಡದ ಹತ್ತಿರ ಹಾಕಿದರೆ ಒಳಗಿನ ತುಂಡು ಕೂದಲು ಮೇಲಿನದನ್ನು ಎತ್ತಿಹಿಡಿದು ಇನ್ನಷ್ಟು ಉಬ್ಬಿಸುತ್ತದೆ. ಒದ್ದೆಯಲ್ಲಿ ಕತ್ತರಿಸುವುದಾದರೆ ಬೇಕಾದ್ದಕ್ಕಿಂತ ಒಂದು ಬೆರಳಗಲ ಉದ್ದವೇ ಇರಲಿ. ಒಣಗಿದ ಮೇಲೆ ಅಲೆಗೂದಲು ಮೇಲೆ ಹಾರಿ ಕುಳಿತುಕೊಳ್ಳುತ್ತದೆ. ಕುತ್ತಿಗೆ ಮತ್ತು ಕಿವಿಯ ಸುತ್ತ ಐದಾರು ವಾರಕ್ಕೊಮ್ಮೆ ಹೀಗೆ ಅಂಚು ತೀಡಿಸಿದರೆ ಮ್ಯಾನೇಜರ್ ಬಾಯಿಗೂ ವಿರಾಮ ಸಿಗುತ್ತದೆ. ಉದ್ದ ಇದೆಯೋ ಇಲ್ಲವೋ ಎಂದು ಜನ ಅಳೆಯುವುದು ಕಡಿಮೆ, ಅಂಚು ಚೊಕ್ಕವಾಗಿದೆಯೋ ಎಂದು ನೋಡುತ್ತಾರೆ.

ಮುಖದ ಆಕಾರಕ್ಕೆ ತಕ್ಕ ಕಟಿಂಗ್ ಬಗ್ಗೆ ನೀವು ಮೊಬೈಲಿನಲ್ಲಿ ಸಾಕಷ್ಟು ನೋಡಿರುತ್ತೀರಿ. ದುಂಡು ಮುಖಕ್ಕೆ ಮೇಲೆ ಸ್ವಲ್ಪ ಎತ್ತರ, ಉದ್ದ ಮುಖಕ್ಕೆ ಎತ್ತರ ಬೇಡ ಪಕ್ಕ ತುಂಬಿರಲಿ, ಅಗಲ ಹಣೆಗೆ ಮುಂದಿನ ಕೂದಲು ಓರೆಯಾಗಿ ಬೀಳಲಿ. ಇಷ್ಟು ತಿಳಿದಿದ್ದರೆ ಸಾಕು. ನನ್ನ ಮಟ್ಟಿಗೆ ಮುಖಕ್ಕಿಂತ ದೊಡ್ಡ ಯಜಮಾನ ನೆತ್ತಿಯ ಸುಳಿ. ಎರಡು ಸುಳಿ ಇದ್ದರೆ ಎರಡು ಮದುವೆ ಎಂದು ಅಜ್ಜಿಯರು ಹೇಳುವುದನ್ನು ಬಿಟ್ಟುಬಿಡಿ, ಆದರೆ ಕೂದಲು ಯಾವ ಕಡೆ ಮಲಗುತ್ತದೆ ಎಂದು ತೀರ್ಮಾನಿಸುವುದು ಸುಳಿಯೇ. ಸ್ನಾನವಾದ ಮೇಲೆ ಬಾಚದೆ ಹಾಗೇ ಬಿಟ್ಟು ನೋಡಿ. ತಾನಾಗಿ ಸೀಳುವ ಕಡೆಗೇ ಬೈತಲೆ ತೆಗೆದರೆ ಅರ್ಧ ಜಗಳ ಮುಗಿಯಿತು.

ದಿನದ ಆರೈಕೆ ಹೆಚ್ಚೇನಿಲ್ಲ. ವಾರಕ್ಕೆ ಎರಡು ಮೂರು ಸಲ ಶಾಂಪೂ. ಅದಕ್ಕೆ ಅರ್ಧ ಗಂಟೆ ಮೊದಲು ಸ್ವಲ್ಪ ಕೊಬ್ಬರಿ ಎಣ್ಣೆ. ಅದು ಕೂದಲಿನ ಎಳೆಯೊಳಕ್ಕೆ ಇಳಿದು ಎಳೆಯನ್ನು ಕಾಪಾಡುತ್ತದೆ. ಹೊಟ್ಟು ಇದ್ದರೆ ಮಾತ್ರ ಎಣ್ಣೆ ರಾತ್ರಿಯೆಲ್ಲ ಇಟ್ಟುಕೊಳ್ಳಬೇಡಿ, ಹೆಚ್ಚಾಗುತ್ತದೆ. ಟವೆಲಿನಲ್ಲಿ ಗಸಗಸ ಉಜ್ಜದೆ, ಹಳೆಯ ಹತ್ತಿ ಪಂಚೆಯಲ್ಲಿ ಒತ್ತಿ ನೀರು ತೆಗೆಯಿರಿ. ಇನ್ನೂ ತೇವ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆ ಆಡಿಸಿ, ಕಡಲೆಕಾಳಿನಷ್ಟು ಹೇರ್ ಕ್ರೀಮನ್ನು ಅಂಗೈಯಲ್ಲಿ ಹರಡಿ ಪಕ್ಕದ ಕೂದಲನ್ನು ಕೆಳಮುಖವಾಗಿ ಒತ್ತಿಬಿಡಿ. ಒಣಗಿದ ಮೇಲೆ ಬಾಚಿದಷ್ಟೂ ಕೊಡೆ ಬಿಚ್ಚಿಕೊಳ್ಳುತ್ತದೆ. ಗಟ್ಟಿ ಜೆಲ್ ಬೇಡ, ಅಲೆ ಸತ್ತು ಕಡ್ಡಿಯ ಹಾಗಾಗುತ್ತದೆ. ಇನ್ನು ಹೆಲ್ಮೆಟ್. ಅದನ್ನು ಕೂದಲಿಗಾಗಿ ಒಂದು ದಿನವೂ ಬಿಡಬೇಡಿ, ಇದೊಂದನ್ನು ಗಟ್ಟಿಯಾಗಿ ಹೇಳುತ್ತೇನೆ. ಒದ್ದೆ ತಲೆಗೆ ಹಾಕಬೇಡಿ, ಒಳಗೆ ತೆಳು ಹತ್ತಿ ಬಟ್ಟೆ ಕಟ್ಟಿಕೊಳ್ಳಿ. ಕ್ಲಿನಿಕ್ ತಲುಪಿದ ಮೇಲೆ ಬೆರಳಿಗೆ ಚೂರು ನೀರು ಮಾಡಿಕೊಂಡು ಬುಡದಿಂದ ಎತ್ತಿಬಿಟ್ಟರೆ ಅರ್ಧ ನಿಮಿಷದ ಕೆಲಸ.

ನಾಲ್ಕು ಸಾವಿರದ ನೇರ ಮಾಡುವ ಚಿಕಿತ್ಸೆಯನ್ನು ಈಗ ಬೇಡ ಎನ್ನುತ್ತೇನೆ. ಇಂಥ ಕೆಲವು ದ್ರಾವಣಗಳು ಬಿಸಿಗೆ ಫಾರ್ಮಾಲ್ಡಿಹೈಡ್ ಬಿಡುತ್ತವೆ; ಅದು ಕಣ್ಣು, ಗಂಟಲು, ನೆತ್ತಿಯ ಚರ್ಮ ಉರಿಸುವ ರಾಸಾಯನಿಕ. ಎರಡು ತಿಂಗಳು ಕಳೆದರೆ ಬುಡದಿಂದ ನಿಮ್ಮದೇ ಅಲೆ ಬಂದು, ತುದಿಯಲ್ಲಿ ಸಲೂನಿನ ನೇರ ಉಳಿದು, ಸರಿಯಾಗಿ ಮದುವೆಯ ದಿನ ಒಂದೇ ತಲೆಯಲ್ಲಿ ಎರಡು ಕೂದಲು ಕಾಣುತ್ತದೆ. ನಿಮ್ಮ ಅಲೆ ರೋಗವಲ್ಲ, ಅದಕ್ಕೆ ಚಿಕಿತ್ಸೆ ಏಕೆ?

ಹಣೆಯ ಮೂಲೆಗಳ ಭಯವನ್ನು ನಾನು ತಳ್ಳಿಹಾಕುವುದಿಲ್ಲ. ಹದಿಹರೆಯ ದಾಟಿದ ಮೇಲೆ ಹಣೆಯ ಗೆರೆ ತುಸು ಮೇಲೆ ಸರಿಯುವುದು ಬಹಳ ಗಂಡಸರಲ್ಲಿ ಸಹಜ. ದಿನಕ್ಕೆ 50ರಿಂದ 100 ಕೂದಲು ಉದುರುವುದೂ ಸಹಜ, ಕೂದಲು ಉದ್ದವಾದಾಗ ಅದೇ ಉದುರು ಬಚ್ಚಲಲ್ಲಿ ಹೆಚ್ಚು ಕಾಣುತ್ತದೆ. ಡೆಂಗ್ಯೂ, ಟೈಫಾಯ್ಡ್‌ನಂಥ ಜ್ವರ ಬಂದು ಹೋಗಿದ್ದರೆ ಎರಡು ಮೂರು ತಿಂಗಳ ನಂತರ ಗೊಂಚಲಾಗಿ ಉದುರಿ, ಸಾಮಾನ್ಯವಾಗಿ ತಿಂಗಳುಗಳಲ್ಲಿ ತಾನೇ ಮರಳುತ್ತದೆ. ಬೊಕ್ಕತನ ತಾಯಿಯ ತಂದೆಯಿಂದಲೇ ಬರುತ್ತದೆ ಎಂಬ ಮಾತು ಪೂರ್ತಿ ನಿಜವಲ್ಲ, ಎರಡೂ ಕಡೆಯಿಂದ ಬರಬಹುದು. ತಿಂಗಳಿಗೆ ಒಂದೇ ಫೋಟೊ, ಅದೇ ಜಾಗ, ಅದೇ ಬೆಳಕಿನಲ್ಲಿ ತೆಗೆದಿಡಿ. ಮೂರು ಫೋಟೊಗಳಲ್ಲಿ ಸ್ಪಷ್ಟವಾಗಿ ಬದಲಾವಣೆ ಕಂಡರೆ, ಅಥವಾ ನೆತ್ತಿ ತೆಳುವಾದರೆ, ನಾಣ್ಯದಗಲ ಬೋಳಾದರೆ, ಜಿಲ್ಲಾ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಿ. ಮಿನಾಕ್ಸಿಡಿಲ್, ಫಿನಾಸ್ಟರೈಡ್‌ನಂಥ ಔಷಧಗಳಿವೆ, ಬೇಗ ಶುರುಮಾಡಿದಷ್ಟೂ ಇರುವ ಕೂದಲು ಉಳಿಯುತ್ತದೆ. ಔಷಧದ ಲೋಕದಲ್ಲೇ ಓಡಾಡುವ ನಿಮಗೆ ಮಾದರಿ ಪೊಟ್ಟಣ ಕೈಗೆ ಸಿಗುವುದು ಸುಲಭ, ದಯವಿಟ್ಟು ವೈದ್ಯರು ಬರೆದುಕೊಡದೆ ಮುಟ್ಟಬೇಡಿ.

ಕನ್ನಡಿಯ ವಿಷಯದಲ್ಲಿ ಸಣ್ಣ ಒಪ್ಪಂದ ಮಾಡಿಕೊಳ್ಳೋಣ. ಬೆಳಿಗ್ಗೆ, ಕೆಲಸಕ್ಕೆ ಹೊರಡುವಾಗ, ಸಂಜೆ, ಹೀಗೆ ದಿನಕ್ಕೆ ಮೂರು ಸಲ. ಒಂದು ಮಾರು ದೂರ ನಿಂತು ನೋಡಿ, ಜನ ನಿಮ್ಮನ್ನು ನೋಡುವುದು ಅಷ್ಟು ದೂರದಿಂದಲೇ. ಬೈಕಿನ ಕನ್ನಡಿ ರಸ್ತೆಗೆ ಮಾತ್ರ. ಮೊದಲ ವಾರ ಚಡಪಡಿಕೆ ಆಗುತ್ತದೆ, ಆಮೇಲೆ ಸಡಿಲವಾಗುತ್ತದೆ. ಒಂದು ವೇಳೆ ಹಾಗಾಗದೆ, ದಿನಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತು ಇದೇ ಯೋಚನೆಯಾದರೆ, ಕೂದಲಿನ ಕಾರಣಕ್ಕೆ ಜನರನ್ನೇ ತಪ್ಪಿಸತೊಡಗಿದರೆ, ಅದು ಕೂದಲಿನ ತೊಂದರೆಯಲ್ಲ, ಮನಸ್ಸಿಗೆ ಸಹಾಯ ಬೇಕು ಎಂಬ ಸೂಚನೆ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಇಷ್ಟು ಸಣ್ಣದಕ್ಕೆ ಕರೆ ಮಾಡುವುದೇ ಎಂದು ಹಿಂಜರಿಯಬೇಡಿ. ನಿದ್ದೆ ಕೆಡಿಸುವುದು ಸಣ್ಣದಲ್ಲ.

ಕೊನೆಗೆ ಅಪ್ಪ. ನಿಮ್ಮ ಪತ್ರದಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು: ತಿಂಗಳಿಗೊಂದು ಭಾನುವಾರ ಅಪ್ಪನ ಜೊತೆ ಒಂದೇ ಅಂಗಡಿಗೆ. ಬೆಂಚಿನ ಮೇಲೆ ಪೇಪರು ಓದುತ್ತ ಅಪ್ಪ, ಕುರ್ಚಿಯ ಕೈಗಳ ಮೇಲೆ ಹಲಗೆ ಇಟ್ಟು ಕೂರಿಸಿದ ನೀವು, ಹಿಂದಿನಿಂದ ಅಪ್ಪನ ಸೂಚನೆ. ಎಷ್ಟೋ ಅಪ್ಪಂದಿರಿಗೆ ಮಗನ ಜೊತೆ ಸುಮ್ಮನೆ ಕಳೆಯಲು ಗೊತ್ತಿದ್ದ ಹೊತ್ತು ಅದೊಂದೇ. ಐದು ತಿಂಗಳಿಂದ ಅವರು ಅಲ್ಲಿಗೆ ಒಬ್ಬರೇ ಹೋಗುತ್ತಿದ್ದಾರೆ. "ಮಗ ಬರ್ಲಿಲ್ವಾ ಯಜಮಾನ್ರೇ?" ಎಂದು ಅಂಗಡಿಯವರು ಕೇಳಿರುತ್ತಾರೆ, ಇವರು ಏನೋ ಒಂದು ಹೇಳಿ ಕೂತಿರುತ್ತಾರೆ. ನಾನು ಊಹಿಸುತ್ತಿದ್ದೇನೆ, ತಪ್ಪಿರಬಹುದು. ಆದರೆ ಅವರ ಮೌನದಲ್ಲಿ ನೆಂಟರ ಮಾತಿನ ಅಂಜಿಕೆ ಅರ್ಧ ಇದ್ದರೆ, ಈ ಖಾಲಿ ಭಾನುವಾರ ಇನ್ನರ್ಧ ಎಂದು ನನಗೆ ಅನ್ನಿಸುತ್ತದೆ. ಮಗಳನ್ನು ಧಾರೆ ಎರೆದು ಕಳಿಸಬೇಕಾದ ವರ್ಷದಲ್ಲೇ ಮಗನೂ ದೂರ ಸರಿದ ಹಾಗೆ ಅವರಿಗೆ ಕಂಡಿರಬಹುದು.

ಹಾಗಾಗಿ ವಾದಕ್ಕೆ ಕೂರಬೇಡಿ, ಕೂದಲು ನನ್ನದು ಎಂಬ ಮಾತು ನಿಜವಾದರೂ ಈಗ ಬೇಡ. ಈ ವಾರ ಊಟದ ಹೊತ್ತಿನಲ್ಲಿ ಇಷ್ಟು ಹೇಳಿ: "ಅಪ್ಪಾ, ಪೂರ್ತಿ ಸಣ್ಣ ಮಾಡಿಸಲ್ಲ, ಆದ್ರೆ ಮದುವೆಗೆ ನೀಟಾಗಿ ಕಾಣೋ ಹಾಗೆ ಮಾಡಿಸ್ಕೋತೀನಿ. ಭಾನುವಾರ ಅಂಗಡಿಗೆ ಹೋಗೋಣ, ನೀನೂ ಬಾ." ಉತ್ತರ ಬರದಿದ್ದರೂ ಭಾನುವಾರ ಬೆಳಿಗ್ಗೆ ಬೈಕ್ ತೆಗೆದು ಬಾಗಿಲಲ್ಲಿ ನಿಲ್ಲಿ. ಅವರು ಬಾರದಿದ್ದರೆ ಮುಂದಿನ ತಿಂಗಳು ಮತ್ತೆ ಕರೆಯಿರಿ. ಐದು ತಿಂಗಳು ಹೋಗದೆ ಇದ್ದುದಕ್ಕೆ ಹಳೆಯ ಅಂಗಡಿಯವರು ಬೇಸರ ಮಾಡಿಕೊಂಡಾರು ಎಂಬ ಸಂಕೋಚ ಬೇಡ. ನಿಮ್ಮ ಸುಳಿ ಎಲ್ಲಿದೆ, ಯಾವ ಕಿವಿಯ ಹಿಂದೆ ಕೂದಲು ಹಠ ಮಾಡುತ್ತದೆ ಎಂದು ಇಪ್ಪತ್ತು ವರ್ಷದಿಂದ ಬಲ್ಲ ಕೈ ಅದು. ಮೇಲೆ ಹೇಳಿದ ಹಾಗೆ ಬೆರಳಿಟ್ಟು ತೋರಿಸಿ, ಅವರು ಮಾಡಿಕೊಡುತ್ತಾರೆ. ಕುತ್ತಿಗೆಯ ಅಂಚು ಎಷ್ಟಿರಬೇಕೆಂದು ಮಾತ್ರ ಅಪ್ಪನನ್ನೇ ಕೇಳಿ. ಅಂಗಡಿಗೆ ಹೋದಾಗ ಕುರ್ಚಿಯಲ್ಲಿ ಮೊದಲು ಅವರು ಕೂರಲಿ, ನೀವು ಬೆಂಚಿನ ಮೇಲೆ ಪೇಪರು ಹಿಡಿದು ಕಾಯಿರಿ.