ಹಳೆಯ ಐಪಾಡ್‌ಗೆ ರಾಕ್‌ಬಾಕ್ಸ್ ಹಾಕುವುದು ಹೇಗೆ?

2005ರಲ್ಲಿ ಬಂದ ಐದನೇ ತಲೆಮಾರಿನ ಐಪಾಡ್ ಮನೆಯಲ್ಲಿದೆಯೇ? ಬ್ಯಾಟರಿಯಲ್ಲಿ ಚಾರ್ಜ್ ಇನ್ನೂ ಉಳಿಯುತ್ತದೆ ಎಂದಾದರೆ ಅದನ್ನು ಗುಜರಿಗೆ ಹಾಕಬೇಡಿ. ಆಪಲ್ ಅದನ್ನು ಕೈಬಿಟ್ಟು ಎಷ್ಟೋ ಕಾಲವಾಯಿತು; ಆದರೆ ರಾಕ್‌ಬಾಕ್ಸ್ ಎಂಬ ಉಚಿತ, ಮುಕ್ತ ಕಾರ್ಯಾಚರಣ ವ್ಯವಸ್ಥೆ ಇಂದಿಗೂ ಅದರ ಮೇಲೆ ಓಡುತ್ತದೆ. ಆರ್ಕೋಸ್ ಎಂಬ ಎಂಪಿ3 ಪ್ಲೇಯರ್‌ನ ತಂತ್ರಾಂಶ ಹಿಡಿಸದ ಸ್ವೀಡನ್ನಿನ ಕೆಲವು ಪ್ರೋಗ್ರಾಮರ್‌ಗಳು 2001ರಲ್ಲಿ ಇದನ್ನು ಶುರುಮಾಡಿದರು. ಆಮೇಲೆ ಸ್ವಯಂಸೇವಕರು ಒಂದೊಂದೇ ಪ್ಲೇಯರ್‌ನ ಒಳಗುಟ್ಟು ಬಿಡಿಸಿ, ಹತ್ತಾರು ಮಾದರಿಗಳಿಗೆ ಇದನ್ನು ಒಗ್ಗಿಸಿದರು.

ಮೊದಲು ಐಪಾಡ್‌ನ ಸೆಟ್ಟಿಂಗ್ಸ್‌ಗೆ ಹೋಗಿ ‘ಅಬೌಟ್’ ತೆರೆಯಿರಿ. ‘ಫಾರ್ಮ್ಯಾಟ್: ವಿಂಡೋಸ್’ ಎಂದಿದ್ದರೆ ಮುಂದುವರಿಯಬಹುದು. ಮ್ಯಾಕ್‌ನಲ್ಲಿ ಸಿದ್ಧಪಡಿಸಿದ ಐಪಾಡ್ ಆದರೆ ವಿಂಡೋಸ್ ಕಂಪ್ಯೂಟರಿನಲ್ಲಿ ಐಟ್ಯೂನ್ಸ್ ಮೂಲಕ ‘ರೀಸ್ಟೋರ್’ ಮಾಡಬೇಕು. ಏಕೆಂದರೆ ರಾಕ್‌ಬಾಕ್ಸ್‌ಗೆ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಡಿಸ್ಕ್ ಬೇಕು. ರೀಸ್ಟೋರ್ ಮಾಡಿದರೆ ಇರುವ ಹಾಡೆಲ್ಲ ಅಳಿಸಿಹೋಗುತ್ತದೆ, ಹಾಗಾಗಿ ಮೊದಲೇ ಪ್ರತಿ ತೆಗೆದಿಟ್ಟುಕೊಳ್ಳಿ.

ನಂತರ ರಾಕ್‌ಬಾಕ್ಸ್‌ನ ಅಧಿಕೃತ ತಾಣದಿಂದ ‘ರಾಕ್‌ಬಾಕ್ಸ್ ಯುಟಿಲಿಟಿ’ ಇಳಿಸಿಕೊಳ್ಳಿ. ವಿಂಡೋಸ್‌ನಲ್ಲಿ ಅದನ್ನು ಅಡ್ಮಿನಿಸ್ಟ್ರೇಟರ್ ಆಗಿಯೇ ತೆರೆಯಬೇಕು, ಇಲ್ಲದಿದ್ದರೆ ರಾಕ್‌ಬಾಕ್ಸನ್ನು ಶುರುಮಾಡುವ ಬೂಟ್‌ಲೋಡರ್ ಬರೆಯಲು ಆಗುವುದಿಲ್ಲ. ಐಪಾಡ್ ಜೋಡಿಸಿ, ಐಟ್ಯೂನ್ಸ್ ಮುಚ್ಚಿ, ಮಾದರಿಯನ್ನು ಯುಟಿಲಿಟಿಯೇ ಗುರುತಿಸಲು ಬಿಡಿ. ‘ಸ್ಟೇಬಲ್’ ಆವೃತ್ತಿಯನ್ನೇ ಆರಿಸಿಕೊಂಡು ಇನ್‌ಸ್ಟಾಲ್ ಒತ್ತಿ. ಕೆಲಸ ಮುಗಿದ ಮೇಲೆ ಕೇಬಲ್ ಎಳೆಯುವ ಮುನ್ನ ‘ಇಜೆಕ್ಟ್’ ಕೊಡುವುದನ್ನು ಮರೆಯಬೇಡಿ. ಈಗ ಮೆನು ಮತ್ತು ನಡುವಿನ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿಹಿಡಿದರೆ ಐಪಾಡ್ ಮರಳಿ ಶುರುವಾಗುತ್ತದೆ, ರಾಕ್‌ಬಾಕ್ಸ್ ತೆರೆದುಕೊಳ್ಳುತ್ತದೆ.

ಆಪಲ್‌ನ ವ್ಯವಸ್ಥೆ ಹೋಯಿತೆಂದು ಹೆದರಬೇಕಿಲ್ಲ. ಅದು ಡಿಸ್ಕಿನಲ್ಲೇ ಇರುತ್ತದೆ. ಐಪಾಡ್ ಶುರುವಾಗುತ್ತಿದ್ದಂತೆ ಹೋಲ್ಡ್ ಸ್ವಿಚ್ ಸರಿಸಿದರೆ ಹಳೆಯ ಮೆನುವೇ ಬರುತ್ತದೆ. ಏನಾದರೂ ಕೆಟ್ಟರೂ, ಐಪಾಡನ್ನು ಕಂಪ್ಯೂಟರಿಗೆ ಡಿಸ್ಕಿನಂತೆ ತೋರಿಸುವ ‘ಡಿಸ್ಕ್ ಮೋಡ್’ ಉಳಿದಿರುತ್ತದೆ, ಏಕೆಂದರೆ ಅದು ಡಿಸ್ಕಿನಲ್ಲಿಲ್ಲ, ಬೇರೆಯೇ ಚಿಪ್ಪಿನಲ್ಲಿದೆ. ಮೆನು ಮತ್ತು ನಡುವಿನ ಗುಂಡಿ ಒತ್ತಿ ರೀಸೆಟ್ ಮಾಡಿದೊಡನೆ ನಡುವಿನ ಗುಂಡಿ ಮತ್ತು ಪ್ಲೇ ಒತ್ತಿಹಿಡಿದರೆ ಅಲ್ಲಿಗೆ ತಲುಪಬಹುದು.

ಇನ್ನು ಹಾಡು ತುಂಬಿಸಲು ಐಟ್ಯೂನ್ಸ್ ಬೇಡ. ಫೋಲ್ಡರುಗಳನ್ನು ಪೆನ್‌ಡ್ರೈವ್‌ಗೆ ಹಾಕಿದಂತೆ ನೇರ ಎಳೆದು ಹಾಕಿ. ಎಂಪಿ3 ಅಲ್ಲದೆ ಫ್ಲಾಕ್, ಆಗ್ ವಾರ್ಬಿಸ್, ಓಪಸ್ ಎಲ್ಲವೂ ನುಡಿಯುತ್ತವೆ. ಐಟ್ಯೂನ್ಸ್ ಹಿಂದೆ ತುಂಬಿದ್ದ ಹಾಡುಗಳು ಮರೆಯಲ್ಲಿರುವ ಫೋಲ್ಡರಿನಲ್ಲಿ, ಅರ್ಥವಿಲ್ಲದ ನಾಲ್ಕಕ್ಷರದ ಹೆಸರು ಹೊತ್ತು ಕೂತಿರುತ್ತವೆ. ಅವನ್ನು ಹುಡುಕಲು ‘ಡೇಟಾಬೇಸ್’ ಶುರುಮಾಡಿ. ಕಲಾವಿದರ, ಆಲ್ಬಮ್ಮಿನ ಹೆಸರಿನಲ್ಲಿ ವಿಂಗಡಣೆಯಾಗುತ್ತವೆ. ಐಟ್ಯೂನ್ಸ್ ಅಂಗಡಿಯಲ್ಲಿ ಕೊಂಡ, ಬೀಗ ಹಾಕಿದ ಹಳೆಯ ಹಾಡುಗಳು ಮಾತ್ರ ಇಲ್ಲಿ ನುಡಿಯುವುದಿಲ್ಲ.

ಕನ್ನಡ ಕೇಳುಗರು ಒಂದು ಕೊರತೆಯನ್ನು ಒಪ್ಪಿಕೊಳ್ಳಬೇಕು. ನಮ್ಮ ಲಿಪಿಯ ಗುಣಿತ, ಒತ್ತುಗಳನ್ನು ಜೋಡಿಸುವ ಏರ್ಪಾಡು ಇದರಲ್ಲಿಲ್ಲ. ಫಾಂಟ್ ಹಾಕಿದರೂ ‘ಕೃಷ್ಣ’ ಎಂಬಂಥ ಪದ ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಸದ್ಯಕ್ಕೆ ಹಾಡಿನ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆದಿಡುವುದು ಲೇಸು. ಲಿಪಿ ಬಲ್ಲ ಪ್ರೋಗ್ರಾಮರ್ ಯಾರಾದರೂ ಇದಕ್ಕೆ ಕೈಹಾಕಲಿ ಎಂಬುದು ನನ್ನ ಮನದಾಳದ ಆಸೆ. ಇದರ ಮೂಲಸಂಕೇತ ಎಲ್ಲರಿಗೂ ತೆರೆದಿದೆ.

ಆದರೂ ಇದನ್ನು ಹಾಕಿಕೊಳ್ಳಲೇಬೇಕು ಎನ್ನಲು ನನಗೆ ಕಾರಣಗಳಿವೆ. ಎರಡು ಟ್ರ್ಯಾಕ್‌ಗಳ ನಡುವೆ ತಡೆಯಿಲ್ಲದ್ದರಿಂದ ಕಛೇರಿಯ ಧ್ವನಿಮುದ್ರಣದಲ್ಲಿ ಕೃತಿಯಿಂದ ತನಿ ಆವರ್ತನಕ್ಕೆ ದಾಟುವಾಗ ಶ್ರುತಿ ಕಡಿಯುವುದಿಲ್ಲ. ‘ಬುಕ್‌ಮಾರ್ಕ್ ಆನ್ ಸ್ಟಾಪ್’ ಚಾಲೂ ಮಾಡಿಟ್ಟರೆ ಗಂಟೆಗಟ್ಟಲೆ ನಡೆಯುವ ತಾಳಮದ್ದಳೆಯನ್ನು ನಿನ್ನೆ ಬಿಟ್ಟ ಮಾತಿನಿಂದಲೇ ಕೇಳಬಹುದು. ಎಲ್ಲಕ್ಕಿಂತ ದೊಡ್ಡದು ಮಾತಾಡುವ ಮೆನು. ಚಕ್ರ ತಿರುಗಿಸಿದಂತೆ ಪ್ರತಿ ಆಯ್ಕೆಯನ್ನೂ ಇಂಗ್ಲಿಷಿನಲ್ಲಿ ಓದಿ ಹೇಳುತ್ತದೆ. ಕಣ್ಣು ಕಾಣದವರು ಯಾರ ನೆರವೂ ಇಲ್ಲದೆ ತಮಗೆ ಬೇಕಾದ ಹಾಡನ್ನು ಆರಿಸಿಕೊಳ್ಳಬಹುದು. ಅಂಥವರು ಮನೆಯಲ್ಲಿದ್ದರೆ ಯುಟಿಲಿಟಿಯಲ್ಲಿ ‘ವಾಯ್ಸ್ ಫೈಲ್’ ಎಂಬುದಕ್ಕೂ ಗುರುತು ಹಾಕಿಯೇ ಇನ್‌ಸ್ಟಾಲ್ ಒತ್ತಿ.