ಅಡ್ಡತೊಲೆ ಕತ್ತರಿಸುವ ಮುನ್ನ

ಅಡ್ಡತೊಲೆ ಕತ್ತರಿಸಿ ಎಂದವರು ನಮ್ಮ ಭಾವ. ಜೀವಮಾನವೆಲ್ಲ ರಸ್ತೆ, ಮೋರಿ ಮಾಡಿಸಿ ನಿವೃತ್ತರಾದ ಇಂಜಿನಿಯರು. ತೀರ್ಥಹಳ್ಳಿ ಕಡೆಯ ನಮ್ಮ ಪುಟ್ಟ ಹೆಂಚಿನ ಮನೆಯಲ್ಲಿ ಅಟ್ಟ ತೆಗೆದು, ಹಜಾರದಿಂದ ಕತ್ತೆತ್ತಿದರೆ ಮಾಡಿನ ನೆತ್ತಿಯವರೆಗೂ ಕಾಣಬೇಕೆಂಬ ಆಸೆ ನನ್ನದೇ. ಅದಕ್ಕೆ ನಾಚಿಕೆಯಿಲ್ಲ, ಈಗಲೂ ಹಾಗೇ ಕಾಣುತ್ತದೆ. ಆದರೆ, "ತೊಲೆ ಇಟ್ಟಿದ್ದು ಅಟ್ಟ ಹೊರೋಕೆ ಮಾರಾಯ, ಅಟ್ಟವೇ ಹೋದ ಮೇಲೆ ಅದ್ಯಾಕೆ? ಮೇಲೆ ನೆತ್ತಿ ಹತ್ತಿರ ಒಂದೊಂದು ಸಣ್ಣ ಪಟ್ಟಿ ಹೊಡೆಸು, ಸಾಕು" ಎಂದದ್ದು ಅವರು.

"ಗೋಡೆ ಹಿಡ್ಕಂಡಿರದೂ ಅದೇ ಗೌಡ್ರೇ" ಎಂದರು ಮರಗೆಲಸದ ಆಚಾರ್ರು. ಅಕ್ಕನ ಗಂಡನ ಎದುರು ಆಚಾರ್ರ ಮಾತು ಎಲ್ಲಿ ನಡೆಯುತ್ತದೆ? ತೊಲೆ ಕತ್ತರಿಸಿಯೇಬಿಟ್ಟೆವು.

ಮಂಗಳೂರು ಹೆಂಚು ಒಂದೊಂದೂ ಎರಡೂವರೆ ಕಿಲೋ ಹತ್ತಿರ. ಚದರ ಮೀಟರಿಗೆ ಸುಮಾರು 15 ಬೇಕು. ನಮ್ಮ 60 ಚದರ ಮೀಟರಿನ ಮಾಡಿಗೆ ಒಣಗಿದಾಗಲೇ ಎರಡು ಟನ್ನಿನ ಮೇಲಾಯಿತು. ಮಳೆಗಾಲದಲ್ಲಿ ನೀರು ಕುಡಿದು ಇನ್ನೂ ಭಾರ. ನೆತ್ತಿಯಿಂದ ಗೋಡೆಗೆ ಇಳಿಜಾರಾಗಿ ಕೂತ ಪಕಾಸಿಗಳು ಈ ಭಾರವನ್ನು ಕೆಳಕ್ಕಷ್ಟೇ ಇಳಿಸುವುದಿಲ್ಲ, ಗೋಡೆಯನ್ನು ಹೊರಕ್ಕೂ ನೂಕುತ್ತವೆ. ಆ ನೂಕನ್ನು ತಡೆಯುವುದು ಅಡ್ಡತೊಲೆ. ಸಾಲದ್ದಕ್ಕೆ ನೆತ್ತಿಯ ತೊಲೆಗೆ ಆಸರೆಯಾಗಿದ್ದ ಗುಜ್ಜುಗಳೂ ಅದರ ಮೇಲೇ ಕೂತಿದ್ದವು.

ಆರಿದ್ರಾ ಮಳೆಯ ಒಂದು ರಾತ್ರಿ ತಲೆಯ ಮೇಲೆ ಲಟಲಟನೆ ಸದ್ದು. ಕರೆಂಟಿಲ್ಲ. ಟಾರ್ಚು ಬಿಟ್ಟರೆ ನೆತ್ತಿಯಲ್ಲಿ ಹೆಂಚು ಬಾಯಿ ಬಿಟ್ಟು ನೀರು ಧಾರೆಯಾಗಿ ಸುರಿಯುತ್ತಿದೆ. ಮೂಲೆಯಲ್ಲಿ ಗೋಡೆ ಗೋಡೆಯಿಂದ ಬಿಟ್ಟು ಬೆರಳು ತೂರುವಷ್ಟು ಸಂದು. ಅಮ್ಮನನ್ನೂ ಹೆಂಡತಿಯನ್ನೂ ಕೊಟ್ಟಿಗೆಗೆ ಕಳಿಸಿ ಭಾವನಿಗೆ ಫೋನು ಮಾಡಿದೆ. "ಪ್ಲಾಸ್ಟರ್ ಬಿರುಕು, ಬೆಳಿಗ್ಗೆ ನೋಡಣ" ಎಂದು ಇಟ್ಟರು. ಆಚಾರ್ರು ಮಾತ್ರ ಕಂಬಳಿಕೊಪ್ಪೆ ಹಾಕಿಕೊಂಡು ಮಗನ ಜೊತೆ ಓಡಿ ಬಂದರು. ಅಡಿಕೆ ಮರದ ಕಂಬ ತಂದು ನೆತ್ತಿಗೆ ಊರುಗೋಲು ಕೊಟ್ಟೆವು. ಎದುರುಬದುರು ಗೋಡೆಯ ಮೇಲಿನ ಮರಗಳಿಗೆ ಸರಪಳಿ ಸುತ್ತಿ, ಚೈನ್ ಪುಲ್ಲಿಯಿಂದ ಬಿಗಿದೆವು. ಭಾರ ಇಳಿಸೋಣವೆಂದು ನಾನು ಏಣಿ ಹತ್ತಿ ಗಾಳಿಯ ಕಡೆಯ ಹೆಂಚು ಕೀಳತೊಡಗಿದೆ. ಅವರು ಕೆಳಗಿಂದ ಕೂಗಿದ ಕೂಗು ಇನ್ನೂ ಕಿವಿಯಲ್ಲಿದೆ. ಒಂದೇ ಮಗ್ಗುಲು ಬರಿದಾದರೆ ಇನ್ನೊಂದು ಮಗ್ಗುಲ ಭಾರ ಮಾಡನ್ನೇ ವಾಲಿಸುತ್ತದಂತೆ. ಅವರ ಮಗ ಆಚೆ, ನಾನು ಈಚೆ, ಮೇಲಿಂದ ಒಂದೊಂದೇ ಸಾಲು ಸರಿಸಮ ತೆಗೆಯುತ್ತ ಬೆಳಗು ಮಾಡಿದೆವು.

ಸರಿದ ಗೋಡೆ ಹಿಂದಕ್ಕೆ ಬರಲಿಲ್ಲ, ನಿಂತಿತು, ಅಷ್ಟೆ. ಎರಡೂ ತ್ರಿಕೋನ ಗೋಡೆಗಳಲ್ಲಿ ಪಾಯದಿಂದಲೇ ಕಂಬ ಎಬ್ಬಿಸಿ, ದಪ್ಪ ನೆತ್ತಿತೊಲೆ ಕೂರಿಸಿದೆವು. ಈಗ ಪಕಾಸಿಗಳು ಅದಕ್ಕೆ ಜೋತುಕೊಂಡಿವೆ. ಮೇಲೆ ಜೋಪಾನಕ್ಕೆಂದು ಗೋಡೆಯ ಮಟ್ಟದಲ್ಲಿ ತಿರುಪಿನ ಕಬ್ಬಿಣದ ಸರಳು. ಅವು ಚೆಂದ ಕೆಡಿಸುತ್ತವೆಂದು ಭಾವನ ಅಭಿಪ್ರಾಯ.

ಇಂಥ ಮಾಡು ಬೇಕೆನ್ನುವವರು ಮೊದಲು ನೆತ್ತಿತೊಲೆ ಯಾವುದರ ಮೇಲೆ ನಿಂತಿದೆ ನೋಡಿ. ಅದಕ್ಕೆ ಸ್ವಂತ ಕಂಬವಿಲ್ಲದಿದ್ದರೆ ಅಡ್ಡತೊಲೆ ಮುಟ್ಟಬೇಡಿ. ನೆತ್ತಿಯ ಹತ್ತಿರದ ಪಟ್ಟಿ ಗೋಡೆಯನ್ನು ಹಿಡಿಯುವುದಿಲ್ಲ. ಹಲಗೆಯ ಮುಚ್ಚಿಗೆ ಹೊಡೆಸಿದರೆ ಹೆಂಚಿಗೂ ಹಲಗೆಗೂ ನಡುವೆ ಗಾಳಿಯಾಡಲಿ, ಇಲ್ಲವಾದರೆ ಬೂಸು ಹಿಡಿಯುತ್ತದೆ. ಮೇ ತಿಂಗಳೊಳಗೆ ಕೆಲಸ ಮುಗಿಯುವ ಭರವಸೆ ಇಲ್ಲದಿದ್ದರೆ ಆ ವರ್ಷ ಹೆಂಚಿಗೆ ಕೈ ಹಚ್ಚಲೇಬೇಡಿ.